ರೂಟರ್ ರಾಯರು

ಪ್ರತಿ ಬಡಾವಣೆಗೂ ಒಬ್ಬ ರಾಯರು ಇದ್ದೇ ಇರುತ್ತಾರೆ. ದೂರವಾಣಿ ಇಲಾಖೆಯಿಂದಲೋ ವಿದ್ಯುತ್ ಇಲಾಖೆಯಿಂದಲೋ ನಿವೃತ್ತರಾದವರು. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಟೆಸ್ಟರ್ ಇರುತ್ತದೆ. ಬೀದಿಯಲ್ಲಿ ಯಾರ ಮನೆಗೆ ಫೈಬರ್ ಹುಡುಗ ಬಂದರೂ ಅವರಿಗೆ ಸುದ್ದಿ ಮುಟ್ಟುತ್ತದೆ. ಆದರೆ ಅವನಿರುವಷ್ಟು ಹೊತ್ತು ಆ ಕಡೆ ತಲೆಹಾಕುವುದಿಲ್ಲ. ಹುಡುಗ ಹೊಸ ರೂಟರನ್ನು ಗೋಡೆಗೆ ಕೂರಿಸಿ, ಒಂದು ಮೊಬೈಲಿನಲ್ಲಿ ಯೂಟ್ಯೂಬ್ ಓಡಿಸಿ ತೋರಿಸಿ, 'ಐದು ಸ್ಟಾರ್ ಕೊಟ್ಬಿಡಿ ಸಾರ್' ಎಂದು ಬೈಕ್ ಹತ್ತಿದ ಮೇಲೆಯೇ ರಾಯರ ಡ್ಯೂಟಿ ಶುರು.

ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಬೀದಿಯ ರಾಯರಿಗೆ ಈಚೆಗೆ ಸಿಕ್ಕ ದೊಡ್ಡ ಕೇಸು ಎದುರುಮನೆ ಮೇಷ್ಟ್ರ ಲ್ಯಾಪ್‌ಟಾಪ್. ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು. ವಿಂಡೋಸ್ 7ರ ಸ್ಟಿಕ್ಕರ್ ಅಂಗೈ ಉಜ್ಜಿ ಉಜ್ಜಿ ಮುಕ್ಕಾಲು ಅಳಿಸಿದೆ. ಮೈಕ್ರೋಸಾಫ್ಟಿನವರು 2020ರ ಜನವರಿಯಲ್ಲೇ ಅದರ ಕೈಬಿಟ್ಟರು, ಮೇಷ್ಟ್ರು ಬಿಡಲಿಲ್ಲ. ಅವರ ಆತ್ಮಕಥೆ ಪೂರ್ತಿ 'ನುಡಿ'ಯ ಹಳೇ ಫಾಂಟಿನಲ್ಲಿ ಅದರೊಳಗೆ ಕೂತಿದೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಾಲ್ಯದಿಂದ ನಿವೃತ್ತಿಯವರೆಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಹೊಸ ರೂಟರ್ ಬಂದ ಸಂಜೆಯಿಂದ ಈ ಲ್ಯಾಪ್‌ಟಾಪಿಗೆ ಪಕ್ಕದ ಮನೆಯ ವೈಫೈ ಕಾಣುತ್ತದೆ, ಮೂಲೆ ಬೇಕರಿಯದು ಕಾಣುತ್ತದೆ, ಸ್ವಂತ ಮನೆಯದು ಮಾತ್ರ ಇಲ್ಲ.

"ನೀವೇನೂ ಮುಟ್ಟಿಲ್ಲ ತಾನೆ?" ಇದು ರಾಯರ ಮೊದಲ ಪ್ರಶ್ನೆ. ಇಲ್ಲ ಅಂದರೆ ಅವರು ನಂಬುವುದಿಲ್ಲ. ಹೌದು ಅಂದರೆ ಎದ್ದು ಹೋದಾರು ಎಂಬ ಭಯದಿಂದ ಯಾರೂ ಹಾಗನ್ನುವುದಿಲ್ಲ. ಆಮೇಲೆ ಕಾಫಿ. ಕಾಫಿ ಇಳಿಯುವ ತನಕ ಎಲ್ಲವೂ ಸ್ವಿಚ್ ಆಫ್. ನಂತರ ಲ್ಯಾಪ್‌ಟಾಪನ್ನು ಅಡಿಮೇಲು ಮಾಡಿ, ಕನ್ನಡಕ ಹಣೆಗೇರಿಸಿ, ಅಂಚಿನಲ್ಲಿದ್ದ ಅಕ್ಕಿಕಾಳಿನಷ್ಟು ವೈಫೈ ಸ್ವಿಚ್ಚನ್ನು ಟೆಸ್ಟರಿನ ತುದಿಯಿಂದ ಆಚೆ ತಳ್ಳಿ, ಈಚೆ ಎಳೆದರು. ದೀಪ ನೀಲಿಯೇ ಇತ್ತು. ನೀಲಿ ಇರುವುದನ್ನು ಖಾತ್ರಿ ಮಾಡಿಕೊಂಡದ್ದೇ ಅರ್ಧ ರಿಪೇರಿ ಎಂಬ ಗಾಂಭೀರ್ಯ ಮುಖದಲ್ಲಿ.

ಮೊಬೈಲಿನಲ್ಲಿ 192.168.1.1 ಒತ್ತಿ, ರೂಟರಿನ ತಳದ ಸ್ಟಿಕ್ಕರಿನಿಂದ ಪಾಸ್‌ವರ್ಡ್ ಓದಿ ಒಳಹೊಕ್ಕವರೇ ತೀರ್ಪು ಕೊಟ್ಟರು: "ಇದು ಡಬ್ಲ್ಯುಪಿಎ 3 ಮೇಷ್ಟ್ರೇ. 2018ರಲ್ಲಿ ಬಂದದ್ದು. ನಿಮ್ಮ ಯಂತ್ರಕ್ಕೆ ಗೊತ್ತಿರೋದು 2004ರ ಡಬ್ಲ್ಯುಪಿಎ 2."

ಮೇಷ್ಟ್ರು ಗಣಿತದವರು. "ಅದು ಬೀಗದ ವಿಷಯ ಅಲ್ವೇ? ನನಗೆ ಮನೇನೇ ಕಾಣ್ತಿಲ್ಲ."

ಇಂಥ ಪ್ರಶ್ನೆಗಳನ್ನು ರಾಯರು ಕೇಳಿಸಿಕೊಳ್ಳುವುದಿಲ್ಲ. ಎರಡೂ ನಡೆಯುವಂತೆ ಬದಲಿಸಿದರು, ಏನೂ ಆಗಲಿಲ್ಲ. 'ಇದು ನಿರೀಕ್ಷಿತ' ಎಂದರು. ಹೊಸ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತದೆ, ಹಳೇ ಲ್ಯಾಪ್‌ಟಾಪಿಗೆ 5 ಕೇಳಿಸುವುದೇ ಇಲ್ಲ ಎಂದು ವಿವರಿಸಿ, ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಪಾಸ್‌ವರ್ಡನ್ನೂ ಬದಲಿಸಿದರು. ಯಾಕೆ ಬದಲಿಸಿದರು ಎಂದು ಕೇಳಬಾರದು. ರಾಯರು ಕೈಹಾಕಿದ ಮೇಲೆ ಹಳೇ ಪಾಸ್‌ವರ್ಡ್ ಉಳಿದ ಮನೆ ಬೀದಿಯಲ್ಲಿಲ್ಲ.

ಅದೂ ಫಲಿಸದಿದ್ದಾಗ ಚಾನೆಲ್ ನೋಡಿದರು. ರೂಟರ್ ತಾನಾಗಿಯೇ 13ನೇ ಚಾನೆಲ್ ಹಿಡಿದು ಕೂತಿತ್ತು. "ಲ್ಯಾಪ್‌ಟಾಪ್ ಎಲ್ಲೀದು ಅಂದ್ರಿ?"

"ನ್ಯೂಜೆರ್ಸಿ."

ರಾಯರು ತೊಡೆ ತಟ್ಟಿದರು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 13ರವರೆಗೆ ಚಾನೆಲ್ ಉಂಟು. ಅಮೆರಿಕದ ಲೆಕ್ಕದ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಚಾನೆಲ್ 6ಕ್ಕೆ ಇಳಿಸಿದ್ದೇ ತಡ, ಮನೆಯ ಹೆಸರು ಪರದೆಯಲ್ಲಿ ಮೂಡಿತು. ಇದನ್ನೇ ಮೊದಲು ನೋಡಬಹುದಿತ್ತಲ್ಲ ಎಂಬ ಮಾತು ಮೇಷ್ಟ್ರ ಬಾಯಿಯವರೆಗೂ ಬಂದು, ಕಾಫಿಯ ಜೊತೆ ಒಳಗೆ ಹೋಯಿತು.

ಅಷ್ಟರಲ್ಲಿ ಹಾಲಿನಿಂದ ಕೂಗು: "ರೀ, ಟೀವಿ ನಿಂತುಹೋಯ್ತು!" ಹೆಸರು, ಪಾಸ್‌ವರ್ಡ್ ಎರಡೂ ಬದಲಾದ ಮೇಲೆ ಟೀವಿ, ಸೊಸೆಯ ಫೋನು, ಗೇಟಿನ ಕ್ಯಾಮೆರಾ ಎಲ್ಲವೂ ಅನಾಥ. ಸೀರಿಯಲ್ಲಿನಲ್ಲಿ ಮದುವೆ ಮುರಿಯುವ ಹೊತ್ತು ಬೇರೆ. ರಾಯರು ರಿಮೋಟ್ ಹಿಡಿದು ತಮ್ಮದೇ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಒತ್ತತೊಡಗಿದರು. ಭದ್ರತೆಗೆಂದು ಅವರೇ ಸೇರಿಸಿದ್ದ ದೊಡ್ಡಕ್ಷರ, ಚಿಕ್ಕಕ್ಷರ, ನಕ್ಷತ್ರ, ಹ್ಯಾಷ್. ಹ್ಯಾಷ್ ಯಾವ ಪುಟದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮದುವೆ ಮುರಿದೇಹೋಗಿತ್ತು. ಮೇಷ್ಟ್ರ ಮನೆಯವರು "ಪರವಾಗಿಲ್ಲ ಬಿಡಿ ರಾಯರೇ" ಎಂದ ದನಿಗೆ ರೂಟರಿನ ದೀಪವೇ ಕಂಪಿಸಬೇಕಿತ್ತು.

ರಾಯರು ಚಪ್ಪಲಿ ಮೆಟ್ಟುವಾಗ ಮೇಷ್ಟ್ರು ಒಳಗಿನಿಂದ ಕರೆದರು: "ವೈಫೈ ಬಂತು, ಆದರೆ ಯಾವ ಸೈಟೂ ತೆರೀತಿಲ್ಲ. ಬ್ರೌಸರ್ ಹಳೇದು ಅಂತಿದೆ."

ರಾಯರ ಮುಖ ಅರಳಿತು. "ಈಗ ಏನೂ ಮುಟ್ಟಬೇಡಿ. ನಾಳೆ ಹನ್ನೊಂದಕ್ಕೆ ಬರ್ತೀನಿ. ಸಕ್ಕರೆ ಅರ್ಧ ಚಮಚ ಸಾಕು ಅಂತ ಅಮ್ಮನಿಗೆ ಹೇಳಿ."