ಬೆರಳಿಗೊಂದು ಅಭಿಪ್ರಾಯ

ಕಂಪ್ಯೂಟರಿಗೆ ಒಂದು ಮರ್ಯಾದೆ ಇತ್ತು. ಸೊಲ್ಲಾಪುರದ ನಮ್ಮ ಮನೆಯಲ್ಲಿ ಅದಕ್ಕೆ ಸ್ವಂತ ಮೇಜು, ಸ್ವಂತ ಖುರ್ಚಿ, ಕರೆಂಟು ಹೋದರೆ ಅದರ ಪರವಾಗಿ ಕೂಗಲು ಒಂದು ಯುಪಿಎಸ್ಸು, ರಾತ್ರಿ ಹೊದೆಯಲು ಚಾದರ. ದೇಶಕ್ಕೆಲ್ಲ ಹೊದಿಸಿದ ನಮ್ಮೂರ ಚಾದರ ಮಾನಿಟರಿಗೆ ಕಡಿಮೆ ಬೀಳುವುದುಂಟೆ? ನಾನು ಅದರ ಮುಂದೆ ಕೂತು ಫೋಟೋ ತಿದ್ದುತ್ತಿದ್ದರೆ ಮನೆಯವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಮಾಡುತ್ತಿದ್ದದ್ದು ಯಾರದೋ ಮೂಗಿನ ಮೇಲಿನ ಮೊಡವೆ ಒರೆಸುವ ಕೆಲಸ. ಆದರೆ ಮೇಜಿನ ಹಿಂದೆ ಕೂತವನಿಗೆ ಅಧಿಕಾರ ತಾನಾಗಿ ಬರುತ್ತದೆ. ಸರಕಾರಿ ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ಯಾಬ್ ಬಂತು, ಅಧಿಕಾರ ಹೋಯಿತು. ತೊಡೆಯ ಮೇಲಿಟ್ಟುಕೊಂಡು ಮಾಡುವ ಯಾವುದನ್ನೂ ನಮ್ಮ ಕಡೆ ಕೆಲಸ ಎನ್ನುವುದಿಲ್ಲ. "ಖಾಲಿ ಕೂತೀದಿ ಅಲ್ಲ, ಹಾಲ ತಗೊಂಡ ಬಾ" ಎನ್ನುತ್ತಾರೆ.

ಹಾಗೆಂದು ಟ್ಯಾಬನ್ನು ಹಗುರ ಮಾಡಿ ಮಾತಾಡಲಾರೆ. ಹಳೆಯ ಸ್ಟುಡಿಯೊಗಳಲ್ಲಿ ರಿಟಚಿಂಗ್ ಮೇಜು ಅಂತ ಒಂದಿರುತ್ತಿತ್ತು. ಓರೆಯಾಗಿ ನಿಲ್ಲಿಸಿದ ಮಸುಕು ಗಾಜು, ಅದರ ಕೆಳಗೆ ಬೆಳಕನ್ನು ಮೇಲಕ್ಕೆಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸ್ಯಾಂಡ್‌ಪೇಪರಿಗೆ ಉಜ್ಜಿ ಮೊನೆ ಮಾಡಿದ ಪೆನ್ಸಿಲಿನಿಂದ ಮುಖದ ಕಲೆ, ಸುಕ್ಕು ಮುಚ್ಚುತ್ತಿದ್ದರು. ನೆಗೆಟಿವಿನಲ್ಲಿ ಪೆನ್ಸಿಲು ಕಪ್ಪಾಗಿಸಿದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತಿತ್ತು. 1990ರಲ್ಲಿ ಫೋಟೋಶಾಪ್ ಬಂದು ಆ ಪೆನ್ಸಿಲನ್ನು ಕಿತ್ತುಕೊಂಡು ಮೌಸು ಕೊಟ್ಟಿತು. ಐಪ್ಯಾಡಿಗೆ ಅದೇ ಫೋಟೋಶಾಪ್ ಇಳಿದದ್ದು 2019ರಲ್ಲಿ. ಈಗ ಮತ್ತೆ ಬೆಳಗುವ ಗಾಜು, ಕೈಯಲ್ಲಿ ಪೆನ್ಸಿಲು. ನಡುವಿನ ವರ್ಷಗಳಲ್ಲಿ ನಾವು ಮೌಸು ತಳ್ಳಿಕೊಂಡು ಜನರ ಮೀಸೆ ಹೇಗೆ ತಿದ್ದಿದೆವೋ, ನಮ್ಮೂರ ದೇವರು ಸಿದ್ಧರಾಮನೇ ಬಲ್ಲ.

ಅವನ ಗಡ್ಡಾ ಜಾತ್ರೆಯ ಫೋಟೋಗಳಲ್ಲೇ ಟ್ಯಾಬಿನ ಬೆಲೆ ನನಗೆ ಗೊತ್ತಾದದ್ದು. ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಧ್ವಜಗಳು ಬೀದಿಗೆ ಬರುತ್ತವೆ. 68 ಲಿಂಗಗಳಿಗೆ ಎಣ್ಣೆಯ ಅಭಿಷೇಕ. ಹೊತ್ತವರಿಗೂ ಸುತ್ತಲಿದ್ದ ಅನೇಕರಿಗೂ ಬಿಳಿಯ ಬಾರಾಬಂದಿ ಅಂಗಿ. ಬಿಸಿಲಿಗೆ ಆ ಬಿಳುಪು ಫೋಟೋದಲ್ಲಿ ಬರೀ ಹೊಳಪಾಗಿಬಿಡುತ್ತದೆ, ಅಂಗಿಯ ಮಡಿಕೆ ಒಂದೂ ಕಾಣದು. ರಾ ಫೈಲ್ ಇದ್ದರೆ, ಹೈಲೈಟ್ ಇಳಿಸುವ ಬ್ರಷ್ಷನ್ನು ಪೆನ್ಸಿಲಿಗೆ ಕೊಟ್ಟು ಅಂಗಿಯ ಮೇಲೆ ಮೆಲ್ಲಗೆ ಸವರಿದರೆ ಸಾಕು, ಕಸೆಯ ಗಂಟೂ ಮರಳಿ ಬರುತ್ತದೆ. ಧ್ವಜದ ಎತ್ತರಕ್ಕೆ ಮಾತ್ರ ಯಾವ ಯಂತ್ರದಲ್ಲೂ ಉಪಾಯವಿಲ್ಲ. ತುದಿ ಬೇಕೆಂದರೆ ಹೊತ್ತವನ ಮುಖ ಸಾಸಿವೆಯಷ್ಟು. ಮುಖ ಬೇಕೆಂದರೆ ತುದಿ ಕತ್ತರಿಸಬೇಕು, ಅದಕ್ಕೆ ಮನೆಯಲ್ಲಿ ಯಾರ ಒಪ್ಪಿಗೆಯೂ ಸಿಗದು.

ಸುಮಾರು ನಲವತ್ತು ಕಿಲೋಮೀಟರ್ ದೂರದ ಅಕ್ಕಲಕೋಟೆಯಲ್ಲಿ ನಮ್ಮ ಸೋದರತ್ತೆಯ ಮನೆ. ಊರ ತುಂಬ ಸ್ವಾಮಿ ಸಮರ್ಥರ ಫೋಟೋ, ಕೆಳಗೆ ಮರಾಠಿಯಲ್ಲಿ ಅಭಯ: ಹೆದರಬೇಡ, ನಿನ್ನ ಬೆನ್ನಿಗಿದ್ದೇನೆ ಎಂದು. ಸ್ವಾಮಿಗಳ ಮೂಲ ಫೋಟೋ ತೆಗೆದದ್ದು ಕೊಡಾಕ್ ಕಂಪನಿಯವರೇ ಎಂದು ಭಕ್ತರಲ್ಲಿ ಒಂದು ಕಥೆ ಇದೆ. ಸ್ವಾಮಿಗಳು ಸಮಾಧಿಯಾದದ್ದು 1878ರಲ್ಲಿ, ಕೊಡಾಕ್ ಹೆಸರು ಹುಟ್ಟಿದ್ದು 1888ರಲ್ಲಿ. ಈ ಲೆಕ್ಕವನ್ನು ನಾನು ಅತ್ತೆಯ ಮುಂದೆ ಎತ್ತುವುದಿಲ್ಲ, ಊಟ ಅಲ್ಲೇ ಆಗಬೇಕು.

ಅಲ್ಲಿ ಟ್ಯಾಬ್ ತೆರೆದವನಿಗೆ ಬೆನ್ನಿಗೆ ಜನ ಕಡಿಮೆಯಾಗುವುದಿಲ್ಲ. ಮದುವೆ ಫೋಟೋ ಕಂಡದ್ದೇ ಅತ್ತೆ ಶುರು: "ನಿಮ್ಮ ಮಾಮಾನ ಹೊಟ್ಟಿ ಜರಾ ಒಳಗ ಹಾಕೋ ತಮ್ಮಾ."

"ನಂದ್ಯಾಕ? ಮೊದಲ ನಿನ್ನ ಗಲ್ಲ ನೋಡ್ಕೋ" ಎಂದು ಮಾಮಾ.

ಅಷ್ಟರಲ್ಲಿ ಇಬ್ಬರ ಕೈಯೂ ಪರದೆಯ ಮೇಲಿರುತ್ತದೆ. ಫೋಟೋ ತಿದ್ದುವ ಕೆಲವು ಆ್ಯಪುಗಳಲ್ಲಿ ಎರಡು ಬೆರಳು ಒಟ್ಟಿಗೆ ತಾಗಿದರೆ ಮಾಡಿದ್ದು ರದ್ದು; ಮೂರು ತಾಗಿದರೆ ರದ್ದಾದದ್ದು ವಾಪಸು. ಹೀಗಾಗಿ ಮಾಮಾನ ಹೊಟ್ಟೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಅತ್ತೆ ಐದೂ ಬೆರಳು ಚಿವುಟಿ ತೋರಿಸಿದರೆ ಆ್ಯಪೇ ಮುಚ್ಚಿ ಮದುವೆಯೇ ಮಾಯ. "ಫೋಟೋ ಎಲ್ಲಿ ಹೋತೋ?" ಎಂದು ನನ್ನನ್ನೇ ಕೇಳುತ್ತಾಳೆ. ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದ ಕೈಗಳವು. ಎಣ್ಣೆ ಗಾಜಿಗೆ ಹತ್ತಿ ಮದುಮಗಳ ಮುಖಕ್ಕೆ ಒಂದು ಕಳೆ ಬರುತ್ತದೆ. ನನ್ನ ಯಾವ ಫಿಲ್ಟರಿಗೂ ಸಿಗದ ಹೊಗಳಿಕೆ ಅದಕ್ಕೆ: "ಈಗ ನೋಡ್, ಬರೋಬ್ಬರಿ ಆತು."

ಇನ್ನು ನಮ್ಮ ಬೇಸಗೆ. ಟ್ಯಾಬಿನ ಪುಸ್ತಿಕೆಯಲ್ಲಿ 35 ಡಿಗ್ರಿಯ ಒಳಗೆ ಬಳಸಿ ಎಂದಿರುತ್ತದೆ. ಮೇ ತಿಂಗಳಲ್ಲಿ ಸೊಲ್ಲಾಪುರ 40 ದಾಟುತ್ತದೆ. ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಕೂತು ತಿದ್ದುತ್ತಿದ್ದರೆ, ಬಿಸಿಯಾಗಿದ್ದೇನೆ, ಆರಲು ಬಿಡಿ ಎಂದು ಬರೆದು ಅದು ಕಣ್ಣು ಮುಚ್ಚುತ್ತದೆ. ಫ್ರಿಜ್ಜಿನಲ್ಲಿಡು ಎನ್ನುವವರಿದ್ದಾರೆ, ಇಡಬೇಡಿ, ಒಳಗೆ ನೀರು ಕೂಡುತ್ತದೆ.

ಮದುವೆಯ ಇಡೀ ಆಲ್ಬಮ್ಮು, ಕನ್ನಡ ಮರಾಠಿ ಎರಡೂ ತುಂಬಬೇಕಾದ ಫ್ಲೆಕ್ಸು ಇಂಥವಕ್ಕೆ ಈಗಲೂ ಕಂಪ್ಯೂಟರೇ ಸರಿ. ಒಂದು ಮುಖ, ಒಂದು ಅಂಗಿ, ಒಂದು ಹೊಟ್ಟೆ ತಿದ್ದಲು ಟ್ಯಾಬಿಗೆ ಸಾಟಿಯಿಲ್ಲ. ನಮ್ಮ ಕಡೆಯವರು ಕೊಳ್ಳುವುದಿದ್ದರೆ ದೀಪಾವಳಿಗೆ ಕೊಳ್ಳಿ, ಬೇಸಗೆ ಬರುವತನಕ ತಂಪಾಗಿ ಬಳಸಬಹುದು. ಮತ್ತೆ, ಪೆನ್ಸಿಲಿಗೆ ಬಹಳ ಕಡೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ. ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.