ಕೂಡುರಸ್ತೆಯ ಸಾಹುಕಾರರು

ಸುರಪುರ ತಾಲ್ಲೂಕಿನ ಕೆಂಭಾವಿಯಲ್ಲಿ, ಹತ್ತಿ ತುಂಬಿದ ಟ್ರ್ಯಾಕ್ಟರು, ಕೂಲಿಯವರನ್ನು ಹೊತ್ತ ಟಂಟಂ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು ಹಾಗೂ ಯಾವ ಕಾಯಿದೆಗೂ ಒಳಪಡದ ಎಮ್ಮೆಗಳು ಒಂದೇ ಹೊತ್ತಿಗೆ ಬಂದು ಸೇರುವ ಕೂಡುರಸ್ತೆಗಳಲ್ಲಿ ಕಾಣಸಿಗುವ ಒಂದು ವರ್ಗವನ್ನು ‘ತಿರುಗುವ ಸಾಹುಕಾರರು’ ಎಂದು ಕರೆಯಬಹುದು. ಇವರು ಊರಿಗೊಬ್ಬರಲ್ಲ, ಓಣಿಗೊಬ್ಬರು. ಬಿಳಿ ಅಂಗಿ, ಹೆಗಲ ಮೇಲೆ ಟಾವೆಲ್ಲು, ಯಾದಗಿರಿಯ ನೋಂದಣಿಯನ್ನು ಸೂಚಿಸುವ ಕೆಎ-33 ಎಂಬ ಅಕ್ಷರಗಳು ಅರ್ಧ ಧೂಳು ಹಿಡಿದಿರುವ ಮೋಟಾರ್‌ಸೈಕಲ್ಲು, ಹ್ಯಾಂಡಲ್ಲಿಗೆ ನೇತುಬಿದ್ದ ಕಾಯಿಪಲ್ಲೆಯ ಚೀಲ, ಇವು ಹೊರಲಕ್ಷಣಗಳು. ರಸ್ತೆ ಸರ್ಕಾರದ್ದಾದರೂ ತಿರುವು ಮಾತ್ರ ತಮ್ಮ ಸ್ವಂತದ್ದೆಂಬ ನಂಬಿಕೆ ಒಳಲಕ್ಷಣ.

ಎಡಬದಿಯ ಸಂಚಾರವಿರುವ ಭಾರತದಲ್ಲಿ, ಬಲಕ್ಕೆ ತಿರುಗುವವನು ಮುಂಚಿತವಾಗಿಯೇ ರಸ್ತೆಯ ನಡುಭಾಗಕ್ಕೆ ಸರಿದು, ಎದುರಿನಿಂದ ಬರುವವರು ಹೋಗುವ ತನಕ ಕಾದು, ಹೊಸ ರಸ್ತೆಯ ಎಡಬದಿಯನ್ನು ಸೇರಬೇಕು. ಎಡಕ್ಕೆ ತಿರುಗುವವನು ಮೊದಲಿನಿಂದ ಕೊನೆಯವರೆಗೂ ಎಡ ಅಂಚನ್ನೇ ಹಿಡಿದಿರಬೇಕು. ಸಾಹುಕಾರರು ಇವೆರಡನ್ನೂ ಬೆರೆಸಿ ಮೂರನೆಯ ವಿಧಾನವೊಂದನ್ನು ರೂಢಿಸಿದ್ದಾರೆ. ಎಡ ಅಂಚಿನಲ್ಲಿ ತಣ್ಣಗೆ ಸಾಗುತ್ತ, ಇವರು ನಿಲ್ಲುವವರೆಂದು ನಂಬಿದ ಹಿಂದಿನವನು ಮುಂದೆ ಹಾಯಲು ಹೊರಟ ಗಳಿಗೆಗೇ, ರಸ್ತೆಯನ್ನು ಮೂಲೆಯಿಂದ ಮೂಲೆಗೆ ಕೊಯ್ದುಕೊಂಡು ಹೋಗಿ ಹೊಸ ರಸ್ತೆಯ ಬಲ ಅಂಚನ್ನು ಮುಟ್ಟುತ್ತಾರೆ, ಏಕೆಂದರೆ ಚಹಾದಂಗಡಿ ಇರುವುದು ಆ ಅಂಚಿನಲ್ಲಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದ ಪ್ರಕಾರ, ಲೈಸೆನ್ಸ್ ಬೇಡುವವನು ಎಡಬಲ ತಿರುವುಗಳನ್ನು ಸರಿಯಾಗಿ ತೆಗೆದುಕೊಳ್ಳುವುದನ್ನೂ, ಸಂಜ್ಞೆ ಕೊಡುವ ಮುನ್ನ ಹಿಂಬದಿಯ ಕನ್ನಡಿ ನೋಡುವುದನ್ನೂ ಪರೀಕ್ಷೆಯಲ್ಲಿ ತೋರಿಸಬೇಕು. ಸಾಹುಕಾರರು ಇದನ್ನು ಆ ದಿನ ಲೋಪವಿಲ್ಲದೆ ತೋರಿಸಿ, ಒಮ್ಮೆ ತೋರಿಸಿದ್ದನ್ನು ಮತ್ತೆ ಮತ್ತೆ ತೋರಿಸುವುದು ದೊಡ್ಡವರಿಗೆ ಒಪ್ಪುವುದಿಲ್ಲವೆಂದು ಬಿಟ್ಟಿದ್ದಾರೆ. ಈಗ ಕನ್ನಡಿಯಲ್ಲಿ ಕಾಣುವುದು ಅವರ ಮೀಸೆ ಮಾತ್ರ. ಇಂಡಿಕೇಟರ್ ಎಂಬ ತಿರುವುದೀಪವನ್ನು ಹಿಂದಿನ ವಾರದ ಸಂತೆಯ ದಿನ ಹಾಕಿದ್ದು ಇನ್ನೂ ಮಿನುಗುತ್ತಲೇ ಇದೆ. ತಿರುವು ಮುಗಿದ ಮೇಲೆ ಹಿಂದೆ ಕುಳಿತ ಮೊಮ್ಮಗ ಕೈ ಚಾಚುತ್ತಾನೆ. ಆಗಿಹೋದ ವ್ಯವಹಾರದ ಕಾಗದಕ್ಕೆ ಸಾಕ್ಷಿ ರುಜು ಹಾಕಿದಂತೆ.

ಸಾಹುಕಾರರ ನಿಜವಾದ ಪಾಂಡಿತ್ಯವಿರುವುದು ಯಾರಿಗೆ ದಾರಿ ಬಿಡಬೇಕೆಂಬ ವಿಷಯದಲ್ಲಿ. ದೀಪವಾಗಲಿ ಪೊಲೀಸರಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಮುಖ್ಯರಸ್ತೆಯವರಿಗೆ, ಮುಖ್ಯರಸ್ತೆಯೆಂಬ ಭೇದವಿಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಾವಳಿ ಹೇಳಿತ್ತು. 2017ರಲ್ಲಿ ಅದರ ಜಾಗಕ್ಕೆ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂತು. ಬಂದವನು ಯಾವ ಕಡೆಯವನು ಎಂದು ಕಾಯಿದೆ ಕೇಳಿದರೆ, ಯಾರ ಕಡೆಯವನು ಎಂದು ಸಾಹುಕಾರರು ಕೇಳುತ್ತಾರೆ. ಬೀಗರಾದರೆ ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ಮಳೆ-ಬೆಳೆ ವಿಚಾರಿಸುತ್ತಾರೆ. ಅಳಿಯನಾದರೆ ದಾರಿಯ ಜೊತೆಗೆ ಚಹಾವೂ ಸಿಗುತ್ತದೆ. ತಮ್ಮಲ್ಲಿ ಸಾಲ ಪಡೆದವನಾದರೆ ಅವನೇ ನಿಲ್ಲಬೇಕು, ನಿಲ್ಲುತ್ತಾನೆ ಕೂಡ. ಗುರುತಿಲ್ಲದವನು ಬ್ರೇಕ್ ಒತ್ತಿ ನಿಂತು ಕೆಕ್ಕರಿಸಿದರೆ, “ನಾ ತಿರುಗೋದು ಇಡೀ ಊರಿಗಿ ಗೊತ್ತದ, ನಿನಗ್ಯಾಕ ಗೊತ್ತಿಲ್ಲೋ ತಮ್ಮಾ?” ಎಂಬ ಪ್ರಶ್ನೆ ಕಾದಿರುತ್ತದೆ.

ಈ ಪದ್ಧತಿಯನ್ನು ಪೂರ್ತಿ ಅಸಂಬದ್ಧವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಊರವರೇ ಊರವರ ಎದುರು ಓಡಾಡುತ್ತಿದ್ದ ಕಾಲದಲ್ಲಿ, ಯಾರು ಎಷ್ಟು ಹೊತ್ತಿಗೆ ಯಾವ ಹೊಲಕ್ಕೆ ತಿರುಗುತ್ತಾರೆಂಬುದು ಎತ್ತುಗಳಿಗೂ ತಿಳಿದಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ-ಶಹಾಪುರ ಸೀಮೆಗೆ ಹರಿದು, ಭತ್ತ ಬೆಳೆದು, ದೂರದ ಲಾರಿಗಳು ಬರತೊಡಗಿದ ಮೇಲೆ ತೊಡಕು ಹುಟ್ಟಿತು; ಪರಜಿಲ್ಲೆಯ ಲಾರಿ ಚಾಲಕನಿಗೆ ಇಲ್ಲಿ ಬೀಗರಿಲ್ಲ.

ಇನ್ನು ಕೈಸನ್ನೆ. ಬಲಕ್ಕೆ ತಿರುಗಲು ಬಲಗೈಯನ್ನು ಅಂಗೈ ಮುಂದೆ ಮಾಡಿ ನೇರ ಚಾಚಬೇಕು. ಎಡಕ್ಕಾದರೆ ಅದೇ ಬಲಗೈಯನ್ನು ಚಾಚಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತಿಸಬೇಕೆಂದು 1989ರ ನಿಯಮಾವಳಿ ವಿಧಿಸಿತ್ತು. ಆದರೆ ಸಾಹುಕಾರರ ಬಲಗೈ ಎಲೆಅಡಿಕೆ ಉಗುಳುವಾಗ ಬಾಯಿಗೆ ಮರೆಯಾಗಿ, ನಮಸ್ಕಾರಕ್ಕಾಗಿ, ಟಂಟಂ ನಿಲ್ಲಿಸಲಿಕ್ಕಾಗಿ ದಿನವಿಡೀ ಗಾಳಿಯಲ್ಲೇ ಇರುವುದರಿಂದ, ಅದರಲ್ಲಿ ತಿರುವಿನ ಸನ್ನೆ ಯಾವುದೆಂದು ಹಿಂದಿನವರು ಊಹಿಸಿಕೊಳ್ಳಬೇಕಾಗುತ್ತದೆ. ಹೈಸ್ಕೂಲು ಓದುವ ಮೊಮ್ಮಗನ ಒತ್ತಾಯಕ್ಕೆ ಅವರು ಯಾವಾಗಲಾದರೊಮ್ಮೆ ಎಡತಿರುವಿನ ಸನ್ನೆಯನ್ನು ಶಾಸ್ತ್ರೋಕ್ತವಾಗಿ ಸುತ್ತಿಸಿ ತೋರಿಸಿದರೆ, ಎದುರಿನ ಬೈಕಿನವನು ಅದನ್ನು ‘ಎಲ್ಲಿಗೆ ಹೊರಟೆ?’ ಎಂಬ ಪ್ರಶ್ನೆಯೆಂದೇ ತಿಳಿದು, ಕೂಡುರಸ್ತೆಯ ನಟ್ಟನಡುವೆ ಕಾಲೂರಿ ನಿಂತು, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ವಿನಯದಿಂದ ಉತ್ತರ ಕೊಡುತ್ತಾನೆ: “ಹುಣಸಗಿಗಿ ಹೊಂಟೀನ್ರಿ ಸಾವ್ಕಾರ್ರೆ, ಸಂಜಿಗಿ ಬರ್ತೀನ್ರಿ.”