ಸ್ಪೋಕನ್ ಮೇಷ್ಟ್ರು

ಬೆಂಗಳೂರಿನ ವಿಜಯನಗರವಾಗಲಿ, ಹುಬ್ಬಳ್ಳಿಯ ವಿದ್ಯಾನಗರವಾಗಲಿ, ಯಾವುದಾದರೊಂದು ಬೇಕರಿಯ ಮೇಲ್ಮಹಡಿಯಲ್ಲಿ ಒಬ್ಬ ಸ್ಪೋಕನ್ ಇಂಗ್ಲಿಷ್ ಮೇಷ್ಟ್ರು ಇದ್ದೇ ಇರುತ್ತಾರೆ. ಬೆಳಗಿನ ಪೇಪರಿನೊಳಗಿಂದ ಜಾರಿ ಬೀಳುವ ಗುಲಾಬಿ ಕರಪತ್ರ ಅವರದೇ: '30 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್. ವ್ಯಾಕರಣ ಬೇಡ, ಭಯ ಬೇಡ.' ಫೀಸು ಬೇಡ ಅಂತ ಮಾತ್ರ ಎಲ್ಲೂ ಹಾಕಿಲ್ಲ.

ಟೈ ಕಟ್ಟದೆ ಅವರು ಮೆಟ್ಟಿಲು ಹತ್ತುವವರಲ್ಲ. ಮೇಜಿನ ಮೇಲೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಅದರಡಿ, ಯಾರ ಕಣ್ಣಿಗೂ ಬೀಳದಂತೆ, ಇಂಗ್ಲಿಷ್ ಮಾತಾಡಲು ಕಲಿಸುವ ಗೈಡು ರ‍್ಯಾಪಿಡೆಕ್ಸ್. "ತಪ್ಪಾದ್ರೂ ಪರವಾಗಿಲ್ಲ, ಮಾತಾಡಿ" ಎಂದು ಮೊದಲ ದಿನವೇ ಅಭಯ ಕೊಡುತ್ತಾರೆ. ಅದನ್ನು ನಂಬಿ ಹುಡುಗನೊಬ್ಬ ಎದ್ದು "ಮೈಸೆಲ್ಫ್ ಮಂಜುನಾಥ" ಅಂದನೋ, ಮುಗಿಯಿತು. ಮೈಸೆಲ್ಫ್ ಯಾಕೆ ತಪ್ಪು ಎಂಬುದರ ಮೇಲೆ ಮುಕ್ಕಾಲು ಗಂಟೆ. ಮಂಜುನಾಥ ಯಾವೂರವನು, ಏನು ಓದಿದ್ದಾನೆ ಎಂಬುದು ಕೋರ್ಸು ಮುಗಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಭಾಷೆ ಕಲಿಸುವವರ ಲೋಕದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಮತ್ತು ಸಂಗಡಿಗರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣ ಪಾಠ ಬದಿಗಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು, ಅವುಗಳ ಮೇಲೆ ತಲೆ ಓಡಿಸುವಂತೆ ಮಾಡಿ ಇಂಗ್ಲಿಷ್ ಕಲಿಸಿದರು. 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಅದು ದೇಶವಿದೇಶದ ಪುಸ್ತಕಗಳನ್ನು ಸೇರಿತು. ನಮ್ಮ ಬೇಕರಿಯ ಮಹಡಿ ಮಾತ್ರ ಹತ್ತಲಿಲ್ಲ.

ಹಾಗಂತ ಮೇಷ್ಟ್ರು 'ಪ್ರಾಕ್ಟಿಕಲ್' ಮಾಡಿಸುವುದಿಲ್ಲ ಅನ್ನುವಂತಿಲ್ಲ. ಶನಿವಾರ ಬ್ಯಾಂಕಿನ ಸಂಭಾಷಣೆ. ಈಗೀಗ ಕೆಲವು ಬ್ಯಾಂಕುಗಳ ಕೌಂಟರಿನಲ್ಲಿ ಕನ್ನಡ ನಡೆಯುವುದಿಲ್ಲವಾದ್ದರಿಂದ ಈ ಪಾಠಕ್ಕೆ ಭಾರೀ ಗಿರಾಕಿ. ಮೇಷ್ಟ್ರೇ ಮ್ಯಾನೇಜರ್. ಟೈಲರಿಂಗ್ ಅಂಗಡಿಯ ಅಕ್ಕ ಎದ್ದು, "ಸರ್, ಪಾಸ್‌ಬುಕ್ ಎಂಟ್ರಿ ಪ್ಲೀಸ್" ಅಂದರು.

"ನೋ, ನೋ! 'ಐ ವುಡ್ ಬಿ ಮಚ್ ಆಬ್ಲೈಜ್ಡ್ ಇಫ್ ಯು ಕುಡ್ ಕೈಂಡ್ಲಿ...' ಅನ್ನಬೇಕು."

"ಅಷ್ಟು ಹೇಳೋದ್ರೊಳಗೆ ಅವರು ಊಟಕ್ಕೆ ಎದ್ದು ಹೋಗಿರ್ತಾರೆ ಸರ್."

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಸಿಟ್ಟಾಗಲಿಲ್ಲ, ಮನುಷ್ಯ ಒಳ್ಳೆಯವರು. ಬೋರ್ಡಿನ ಕಡೆ ತಿರುಗಿ ಹನ್ನೆರಡು ಟೆನ್ಸ್‌ಗಳ ಚಾರ್ಟು ಬರೆಯತೊಡಗಿದರು, ಅಷ್ಟೇ.

ಅದು ಬರೆದು ಮುಗಿಯುವ ಹೊತ್ತಿಗೆ ಕೊನೆಯ ಬೆಂಚಿನಲ್ಲಿ ಬೇರೆಯೇ ಕ್ಲಾಸು ಶುರು. ಊಟ ಡೆಲಿವರಿ ಮಾಡುವ ಹುಡುಗ ಫೋನಿನಂತೆ ಕಿವಿಗೆ ಕೈ ಹಿಡಿದು, "ಮ್ಯಾಮ್, ಐ ಆಮ್ ಗೇಟ್. ವಾಚ್‌ಮ್ಯಾನ್ ನಾಟ್ ಲೀವಿಂಗ್" ಅನ್ನುತ್ತಾನೆ. ಅಕ್ಕ ಆ ಕಡೆಯಿಂದ, "ವೇಟ್, ಐ ಕಮಿಂಗ್. ಸಾಂಬಾರ್ ಡೋಂಟ್ ಸ್ಪಿಲ್." ಅವನಿಗೂ ತಿಳಿಯಿತು, ಇವರಿಗೂ ತಿಳಿಯಿತು, ಸಾಂಬಾರೂ ಚೆಲ್ಲಲಿಲ್ಲ.

ನಿಮ್ಮೂರಿನಲ್ಲೂ ಇಂಥ ಕ್ಲಾಸಿದ್ದರೆ ಧೈರ್ಯವಾಗಿ ಸೇರಿ. ಕೂರುವುದು ಮಾತ್ರ ಕೊನೆಯ ಬೆಂಚಿನಲ್ಲಿ.